ವಾರದ ಹವಾಮಾನ ಫಲಕಕ್ಕೆ ನಿಮ್ಮ ಐದು ನಿಮಿಷ ಬೇಕು

ಪ್ರಿಯ ಪೋಷಕರೇ,

ನಮಸ್ಕಾರ. ಮುಂದಿನ ಸೋಮವಾರದಿಂದ ಶಾಲೆಯ ಗೇಟಿನ ಪಕ್ಕದ ಬೋರ್ಡಿನಲ್ಲಿ ನಮ್ಮ ಊರಿನ ಆ ವಾರದ ಹವಾಮಾನ ಮುನ್ಸೂಚನೆ ಇರುತ್ತದೆ. ಬರೆಯುವವರು ಆರು ಮತ್ತು ಏಳನೇ ತರಗತಿಯ ಮಕ್ಕಳು. ನಿಮ್ಮಿಂದ ಬೇಕಾಗಿರುವುದು ಒಂದೇ. ದಿನಾ ಸಂಜೆ ಐದು ನಿಮಿಷ ಮಗುವಿನ ಜೊತೆ ಹೊರಗೆ ನಿಂತು ಮೋಡ ನೋಡಿ.

“ಮೊಬೈಲಲ್ಲೇ ಎಲ್ಲಾ ಬರುತ್ತಲ್ಲ, ಮಕ್ಕಳು ಯಾಕೆ ಬರೀಬೇಕು?” ಅಂತ ಒಬ್ಬರು ತಾಯಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಮೊಬೈಲಿಗೆ ಬರುವುದು ಕಂಪ್ಯೂಟರ್ ಹಾಕಿದ ಲೆಕ್ಕ. ಇಡೀ ಭೂಮಿಯನ್ನು ಚೌಕ ಚೌಕವಾಗಿ ವಿಂಗಡಿಸಿ, ಒಂದೊಂದು ಚೌಕದಲ್ಲೂ ಗಾಳಿ, ಬಿಸಿ, ತೇವ ಹೇಗೆ ಬದಲಾಗುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ಇಡೀ ಜಗತ್ತಿಗೆ ಲೆಕ್ಕ ಹಾಕುವ ಹೆಸರಾಂತ ಮಾದರಿಗಳಲ್ಲಿ ಕೆಲವಕ್ಕೂ ಒಂದು ಚೌಕದ ಅಗಲ ಸುಮಾರು 9ರಿಂದ 13 ಕಿಲೋಮೀಟರ್. ನಮ್ಮಂಥ ಚಿಕ್ಕ ಊರು ಸುತ್ತಮುತ್ತಲ ಜಾಗದ ಸಮೇತ ಅಂಥ ಒಂದೇ ಚೌಕದಲ್ಲಿ ಮುಗಿದುಹೋಗುತ್ತದೆ. ಗುಡುಗು ಮಳೆ ತರುವ ಮೋಡವಾದರೋ ಕೆಲವೇ ಕಿಲೋಮೀಟರ್ ಅಗಲ ಇರಬಹುದು. ಅದಕ್ಕೇ ಊರಿನ ಈ ತುದಿ ನೆನೆದರೂ ಆ ತುದಿಯಲ್ಲಿ ಹನಿ ಬೀಳುವುದಿಲ್ಲ. ಈ ವ್ಯತ್ಯಾಸ ಗೊತ್ತಾಗಬೇಕಾದರೆ ಇಲ್ಲೇ ಇರುವವರು ತಲೆ ಎತ್ತಿ ನೋಡಬೇಕು.

ಹಾಗಾಗಿ ಮಗು ಮೊದಲು ಆಕಾಶ ನೋಡಿ ತನ್ನ ಅಂದಾಜು ಬರೆಯಲಿ. ಮೊಬೈಲ್ ಆಮೇಲೆ. ದಯವಿಟ್ಟು ಈ ಕ್ರಮ ಬದಲಿಸಬೇಡಿ. ಉತ್ತರ ಮೊದಲೇ ಸಿಕ್ಕಿದ ಮೇಲೆ ಯಾವ ಮಗುವೂ ಮೇಲೆ ನೋಡುವುದಿಲ್ಲ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಅಂದಾಜು ತಪ್ಪಿದರೆ ಬೈಯಬೇಡಿ, ನಗಬೇಡಿ. ಇದಕ್ಕೆ ಅಂಕ ಇಲ್ಲ. “ಮಳೆ ಸಾಧ್ಯತೆ ಶೇ 40” ಅಂದರೆ ಅಂಥ ಹತ್ತು ದಿನಗಳಲ್ಲಿ ಸುಮಾರು ನಾಲ್ಕು ದಿನ ಮಳೆ ಬರುತ್ತದೆ ಎಂದರ್ಥ. ಉಳಿದ ಆರು ದಿನ ಒಣಗಿದ್ದರೆ ಮುನ್ಸೂಚನೆ ಸುಳ್ಳಾಯಿತು ಅಂತಲ್ಲ. ದಿನಗಳು ದೂರವಾದಷ್ಟೂ ಅಂದಾಜು ಸಡಿಲವಾಗುತ್ತದೆ. 1961ರಲ್ಲಿ ಎಡ್ವರ್ಡ್ ಲೊರೆನ್ಜ್ ಎಂಬ ವಿಜ್ಞಾನಿ ಮೊದಲು ಮಾಡಿದ್ದ ಹವಾಮಾನದ ಲೆಕ್ಕವನ್ನೇ ಮತ್ತೆ ಮಾಡಿಸುವಾಗ ಕಂಪ್ಯೂಟರಿಗೆ 0.506127 ಎನ್ನುವ ಬದಲು 0.506 ಎಂದಷ್ಟೇ ಕೊಟ್ಟರು. ಸ್ವಲ್ಪ ಹೊತ್ತು ಎರಡೂ ಲೆಕ್ಕ ಒಟ್ಟಿಗೇ ಸಾಗಿದವು. ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂಥ ಹವಾಮಾನ ಬಂತು. ಅಷ್ಟು ಚಿಕ್ಕ ವ್ಯತ್ಯಾಸಕ್ಕೆ ಇಷ್ಟಾಗುವುದಾದರೆ, ವಾರದ ಕೊನೆಯ ದಿನದ ಬಗ್ಗೆ ಹನ್ನೊಂದು ವರ್ಷದ ಮಗು ಖಚಿತವಾಗಿ ಹೇಳಬೇಕು ಅಂತ ನಾವು ಹಟ ಹಿಡಿಯಬಾರದು ಅಲ್ವಾ?

ಇನ್ನು ಮೋಡಗಳ ವಿಷಯ. ಪದರ ಮೋಡ, ರಾಶಿ ಮೋಡ, ಎತ್ತರದ ಹಿಮಕಣ ಮೋಡ ಇವೆಲ್ಲ ಪಾಠದಲ್ಲಿವೆ, ಮಕ್ಕಳೇ ನಿಮಗೆ ಹೇಳಿಕೊಡುತ್ತಾರೆ. ಅಪರೂಪದವು ಕಂಡಾಗ ಮಾತ್ರ ನೀವು ಮಗುವನ್ನು ಕೂಗಿ ಕರೆಯಬೇಕು. ಎಷ್ಟೋ ಸಲ ಅವು ಸ್ವಲ್ಪ ಹೊತ್ತಿನಲ್ಲೇ ಕರಗಿಹೋಗುತ್ತವೆ.

ತೆಳುವಾದ ಬಿಳಿ ಮೋಡದ ಹಾಸಿನಲ್ಲಿ ಒಮ್ಮೊಮ್ಮೆ ದುಂಡಗೆ ಕತ್ತರಿಸಿದಂಥ ತೂತು ಕಾಣುತ್ತದೆ. ನಡುವೆ ಬಿಳಿ ಎಳೆಗಳು ಇಳಿಬಿದ್ದಿರುತ್ತವೆ. ಇದರ ಹೆಸರು ಕೇವಮ್. ಅಂಥ ಮೋಡದ ನೀರಿನ ಹನಿಗಳು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ತಣ್ಣಗಾಗಿದ್ದರೂ ಹೆಪ್ಪುಗಟ್ಟದೆ ಹಾಗೇ ಉಳಿದಿರುತ್ತವೆ. ವಿಮಾನ ಹಾದುಹೋದಾಗ ಗಾಳಿ ಥಟ್ಟನೆ ಇನ್ನಷ್ಟು ತಣ್ಣಗಾಗಿ ಕೆಲವು ಹನಿಗಳು ಹಿಮವಾಗುತ್ತವೆ. ಹಿಮದ ಹರಳುಗಳು ಸುತ್ತಲಿನ ತೇವ ಎಳೆದುಕೊಂಡು ಬೆಳೆದು ಕೆಳಗೆ ಬೀಳುತ್ತವೆ, ಅಕ್ಕಪಕ್ಕದ ಹನಿಗಳು ಆರುತ್ತಾ ತೂತು ಅಗಲವಾಗುತ್ತದೆ. ಬೀಳುತ್ತಿರುವ ಆ ಹಿಮವೇ ನಡುವಿನ ಬಿಳಿ ಎಳೆಗಳು.

ಗುಡ್ಡದ ಮೇಲೆ ಮಸೂರದ ಆಕಾರದ ಮೋಡ ಕದಲದೆ ನಿಂತಿದ್ದರೆ ಅದು ಲೆಂಟಿಕ್ಯುಲರ್. ಗಾಳಿ ಗುಡ್ಡ ದಾಟಿ ಅಲೆಯಾಗಿ ಏರಿಳಿಯುತ್ತದೆ. ಏರಿದಲ್ಲಿ ಮೋಡ ಹುಟ್ಟುತ್ತದೆ, ಇಳಿದಲ್ಲಿ ಆರಿಹೋಗುತ್ತದೆ. ಹಾರುವ ತಟ್ಟೆ ಅಂತ ವಾಟ್ಸಾಪಿನಲ್ಲಿ ಬರುವ ಫೋಟೋ ಎಷ್ಟೋ ಸಲ ಇದರದ್ದೇ. ಫಾರ್ವರ್ಡ್ ಮಾಡುವ ಮುಂಚೆ ಮಗುವಿಗೆ ತೋರಿಸಿ ಕೇಳಿ.

ಮೋಡದ ತಳದಿಂದ ಹಸುವಿನ ಕೆಚ್ಚಲಿನ ಹಾಗೆ ಉಬ್ಬುಗಳು ಜೋತುಬಿದ್ದಿದ್ದರೆ ಅದನ್ನು ಮ್ಯಾಮಟಸ್ ಎನ್ನುತ್ತಾರೆ. ನೋಡಲು ಭಯ ಹುಟ್ಟಿಸಿದರೂ ಆ ಉಬ್ಬುಗಳಿಂದ ಏನೂ ತೊಂದರೆ ಇಲ್ಲ. ಆದರೆ ಹತ್ತಿರದಲ್ಲೇ ಗುಡುಗು ಮೋಡ ಇರುವ ಸಾಧ್ಯತೆ ಜಾಸ್ತಿ, ಅದನ್ನು ಕಿಟಕಿಯಿಂದಲೇ ನೋಡಿ.

ಸಿಡಿಲಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಎಣಿಕೆ 30 ದಾಟುವ ಮೊದಲೇ ಗುಡುಗಿದರೆ ತಕ್ಷಣ ಒಳಗೆ ಬನ್ನಿ. ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೂ ಹೊರಗೆ ಬಿಡಬೇಡಿ. ಸೂರ್ಯನನ್ನು ಯಾವತ್ತೂ ನೇರ ನೋಡುವುದು ಬೇಡ.

ಇದು ಸುಮ್ನೆ ಮಕ್ಕಳಾಟ ಅಂತ ನಾನು ಭಾವಿಸಿಲ್ಲ. ಮೋಡಗಳಿಗೆ ನಾವು ಇವತ್ತೂ ಬಳಸುವ ಹೆಸರುಗಳ ಪದ್ಧತಿಯನ್ನು 1802ರಲ್ಲಿ ಮುಂದಿಟ್ಟ ಲ್ಯೂಕ್ ಹೊವಾರ್ಡ್ ಲಂಡನ್ನಿನಲ್ಲಿ ಔಷಧ ತಯಾರಿಸುತ್ತಿದ್ದವರು. ಅಲೆಯೆದ್ದ ಸಮುದ್ರವನ್ನು ಕೆಳಗಿನಿಂದ ನೋಡಿದಂತೆ ಕಾಣುವ ಆಸ್ಪೆರಿಟಾಸ್ 2017ರಲ್ಲಿ ವಿಶ್ವ ಹವಾಮಾನ ಸಂಸ್ಥೆಯ ಮೋಡಗಳ ಅಟ್ಲಾಸಿಗೆ ಸೇರಿತು. ಅದರ ಹಿಂದೆ ಇದ್ದದ್ದು ಸಾಮಾನ್ಯ ಜನ ತೆಗೆದು ಕಳಿಸಿದ ಫೋಟೋಗಳು.

ಹೊಸದಾಗಿ ಏನೂ ಕೊಳ್ಳಬೇಡಿ, ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆ ಸಾಕು. ಚಿತ್ರ ಮಗುವೇ ಬರೆಯಲಿ, ನೀವು ತಿದ್ದಬೇಡಿ. ಶುಕ್ರವಾರ ಪುಸ್ತಕ ಶಾಲೆಗೆ ಕಳಿಸಿ. ಮಗುವನ್ನು ಬಿಡಲು ಬಂದಾಗ ಬೋರ್ಡ್ ಓದಿ, ನಿಮ್ಮ ಬೀದಿಯಲ್ಲಿ ಬೇರೆ ಥರ ಆಗಿದ್ದರೆ ಅಲ್ಲಿ ನಿಂತಿರುವ ಮಕ್ಕಳಿಗೆ ಹೇಳಿ. ಅವರು ಬರೆದುಕೊಳ್ಳುತ್ತಾರೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ