ಚಟ ಬಿಟ್ಟು ಮನೆಗೆ ಮರಳಿದವರ ಮೊದಲ ವಾರಗಳು

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿನಲ್ಲಿ, ನನ್ನ ಕಣ್ಣೆದುರೇ ಬೆಳೆದ ಹುಡುಗನೊಬ್ಬ ನೋವಿನ ಮಾತ್ರೆಗಳ ಚಟಕ್ಕೆ ಬಿದ್ದು, ಚಿಕಿತ್ಸಾ ಕೇಂದ್ರದಲ್ಲಿ ಎರಡು ತಿಂಗಳಿದ್ದು, ಮೈಕೈ ತುಂಬಿಕೊಂಡು ಮನೆಗೆ ಬಂದಿದ್ದ. ಬಂದ ಹತ್ತನೆಯ ದಿನ ಶಿವಮೊಗ್ಗದ ಗೆಳೆಯನೊಬ್ಬನ ಕೋಣೆಯಲ್ಲಿ ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟನ್ನೇ ತೆಗೆದುಕೊಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ‘ಮೊದಲೆಲ್ಲ ಅಷ್ಟು ತಗೊಂಡಾಗ ಏನೂ ಆಗಲಿಲ್ಲವಲ್ಲ ಅಕ್ಕ, ಈಗ ಹ್ಯಾಗೆ ಆಯ್ತು?’ ಎಂದು ಅವನ ತಾಯಿ ನನ್ನನ್ನು ಕೇಳಿದರು. ಮೂವತ್ತು ವರ್ಷ ಶುಶ್ರೂಷಕಿಯಾಗಿ ದುಡಿದ ನನಗೆ ಉತ್ತರ ಗೊತ್ತಿತ್ತು. ಆ ತಾಯಿಗೆ ಅದು ಮೊದಲೇ ಗೊತ್ತಿರಬೇಕಿತ್ತು.

ಹೆರಾಯಿನ್, ಮಾರ್ಫಿನ್, ಟ್ರಮಡಾಲ್, ಟಪೆಂಟಡಾಲ್ ಮುಂತಾದ, ಅಫೀಮಿನಂತೆ ಕೆಲಸ ಮಾಡುವ ಔಷಧಗಳನ್ನು ದಿನವೂ ಸೇವಿಸಿದರೆ ದೇಹ ಅವುಗಳಿಗೆ ಒಗ್ಗಿಕೊಳ್ಳುತ್ತದೆ. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟಿದ ಹಾಗೆ. ಮೊದಲು ಒಂದು ಮಾತ್ರೆಗೆ ಸಿಗುತ್ತಿದ್ದ ಅಮಲಿಗೆ ಕ್ರಮೇಣ ನಾಲ್ಕೈದು ಬೇಕಾಗುತ್ತವೆ. ಆದರೆ ಅಮಲಿಗೆ ಒಗ್ಗುವಷ್ಟು ಬೇಗ, ಅಷ್ಟು ಪೂರ್ತಿಯಾಗಿ, ಉಸಿರಾಟವನ್ನು ನಡೆಸುವ ಮಿದುಳಿನ ಭಾಗ ಒಗ್ಗುವುದಿಲ್ಲ. ಆದ್ದರಿಂದ ಪ್ರಮಾಣ ಏರಿದಂತೆಲ್ಲ ಅಮಲಿಗೂ ಸಾವಿಗೂ ನಡುವಿನ ಅಂತರ ಕಿರಿದಾಗುತ್ತ ಹೋಗುತ್ತದೆ. ಜೊತೆಗೆ ಮದ್ಯವೋ ನಿದ್ರೆ ಮಾತ್ರೆಯೋ ಸೇರಿದರೆ ಉಸಿರು ಇನ್ನಷ್ಟು ಕುಗ್ಗುತ್ತದೆ.

ಗುದ್ದಲಿ ಕೆಳಗಿಟ್ಟರೆ ಅಂಗೈ ಮತ್ತೆ ಮೆತ್ತಗಾಗುತ್ತದೆ. ಔಷಧ ನಿಲ್ಲಿಸಿದ ಕೆಲವೇ ದಿನ, ವಾರಗಳಲ್ಲಿ ದೇಹ ಗಳಿಸಿಕೊಂಡ ತಾಳಿಕೆ ಇಳಿದುಬಿಡುತ್ತದೆ. ಹಳೆಯ ಅಳತೆ ಮಾತ್ರ ನೆನಪಿನಲ್ಲಿ ಉಳಿದಿರುತ್ತದೆ. ಚಿಕಿತ್ಸಾ ಕೇಂದ್ರದಿಂದಾಗಲಿ ಜೈಲಿನಿಂದಾಗಲಿ ಹೊರಬಂದ ಮೊದಲ ವಾರಗಳಲ್ಲಿ ಇಂಥ ಸಾವುಗಳು ಹೆಚ್ಚುವುದು ಇದೇ ಕಾರಣಕ್ಕೆ. ಜಾಗ ಬದಲಾಗುವುದೂ ಒಂದು ಕಾರಣವಾಗಬಲ್ಲದು: 1982ರಲ್ಲಿ ಕೆನಡಾದ ಮನಃಶಾಸ್ತ್ರಜ್ಞ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು ಹೆರಾಯಿನ್‌ಗೆ ಒಗ್ಗಿದ ಇಲಿಗಳಿಗೆ ದೊಡ್ಡ ಪ್ರಮಾಣ ಕೊಟ್ಟಾಗ, ಅಭ್ಯಾಸದ ಜಾಗದಲ್ಲಿ ಶೇ 32ರಷ್ಟು ಸತ್ತರೆ, ಹೊಸ ಜಾಗದಲ್ಲಿ ಶೇ 64ರಷ್ಟು ಸತ್ತವು. ನಮ್ಮ ಹುಡುಗ ಮೊದಲೆಲ್ಲ ಸೇವಿಸುತ್ತಿದ್ದುದು ತಮ್ಮ ಮನೆಯ ಕೊಟ್ಟಿಗೆಯ ಅಟ್ಟದಲ್ಲಿ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಅವನು ರಾತ್ರಿಯಿಡೀ ಗೊರಕೆ ಹೊಡೆಯುತ್ತಿದ್ದನೆಂದೂ, ಗಾಢ ನಿದ್ದೆಯೆಂದು ತಾನು ಸುಮ್ಮನಿದ್ದೆನೆಂದೂ ಆ ಗೆಳೆಯ ಅಳುತ್ತ ಹೇಳಿದ. ಅದು ನಿದ್ದೆಯಾಗಿರಲಿಲ್ಲ. ಗಂಟಲಲ್ಲಿ ಗೊರಗೊರ ಸದ್ದು, ನಿಧಾನವಾಗುತ್ತ ಹೋಗುವ ಉಸಿರು, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಕೂಗಿ ಅಲುಗಿಸಿದರೂ ಎಚ್ಚರವಾಗದಿರುವುದು, ಇವನ್ನು ಕಂಡ ಕೂಡಲೇ 108ಕ್ಕೆ ಕರೆ ಮಾಡಬೇಕು. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ ಪಕ್ಕದಲ್ಲೇ ಇರಬೇಕು, ಉಸಿರು ನಿಂತರೆ ಬಾಯಿಯಿಂದ ಉಸಿರು ಕೊಡಬೇಕು. ಏನು ತೆಗೆದುಕೊಂಡಿದ್ದಾನೆಂಬುದನ್ನು ವೈದ್ಯರಿಂದ ಮುಚ್ಚಿಡಬಾರದು, ಏಕೆಂದರೆ ಈ ವಿಷವನ್ನು ನಿಮಿಷಗಳಲ್ಲಿ ಇಳಿಸುವ ನಲಾಕ್ಸೋನ್ ಎಂಬ ಪ್ರತ್ಯೌಷಧವಿದೆ. ಅದರ ಪರಿಣಾಮ ಮಾದಕ ವಸ್ತುವಿಗಿಂತ ಮೊದಲೇ ಮುಗಿಯಬಹುದಾದ್ದರಿಂದ, ಎಚ್ಚರವಾದವನನ್ನು ಕೂಡಲೇ ಮನೆಗೆ ಕರೆತರುವುದೂ ಸರಿಯಲ್ಲ.

ಹೊಸನಗರ, ಆಗುಂಬೆ ಕಡೆಯ ಒಂಟಿ ಮನೆಗಳಿಂದ ಮಳೆಗಾಲದಲ್ಲಿ ಜಿಲ್ಲಾ ಕೇಂದ್ರ ಮುಟ್ಟುವುದು ಎಷ್ಟು ಹೊತ್ತಿನ ಮಾತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಲಾಕ್ಸೋನ್ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಂಬುಲೆನ್ಸ್‌ನಲ್ಲಿ ಸದಾ ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು. ಚಿಕಿತ್ಸೆ ಮುಗಿಸಿ ಬಿಡುಗಡೆಯಾಗುವ ದಿನ, ‘ಇನ್ನು ಹಳೆಯ ಪ್ರಮಾಣವೇ ಇವರಿಗೆ ಪ್ರಾಣಾಂತಿಕ’ ಎಂಬ ಮಾತನ್ನು ರೋಗಿಗೂ ಮನೆಯವರಿಗೂ ಎದುರು ಕೂರಿಸಿಕೊಂಡು ಹೇಳಿ, ಕನ್ನಡದಲ್ಲಿ ಬರೆದುಕೊಡುವುದನ್ನು ಎಲ್ಲ ಕೇಂದ್ರಗಳಿಗೂ ಕಡ್ಡಾಯಗೊಳಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಶುಶ್ರೂಷಕಿ, ತೀರ್ಥಹಳ್ಳಿ ತಾಲ್ಲೂಕು