ಸೇರುವ ಮೊದಲೇ ಒಳಗಿನದನ್ನು ತೋರಿಸಿ

ಮಾನ್ಯ ಸಂಪಾದಕರೇ,

ಕೆಲಸ ಚೆನ್ನಾಗಿ ಗೊತ್ತಿದ್ದರೂ ಸಂಸ್ಥೆಯ ರೀತಿಗೆ ಹೊಂದಿಕೊಳ್ಳಲಾಗದೆ ಬಿಟ್ಟುಹೋಗುವವರಿದ್ದಾರೆ; ಇದಕ್ಕೆ ನಮ್ಮ ಸಂದರ್ಶನದ ಪದ್ಧತಿಯೂ ಕಾರಣ.

ನನ್ನ ಪಕ್ಕದ ಮೇಜಿನ ಹುಡುಗ ಲೆಕ್ಕಪತ್ರದಲ್ಲಿ ಬಲು ಚುರುಕು. ಆದರೆ ನಮ್ಮಲ್ಲಿ ಸಣ್ಣ ಬಿಲ್ಲಿಗೂ ಮೂರು ಸಹಿ ಬೇಕು. ತಾನೇ ತೀರ್ಮಾನಿಸಿ ರೂಢಿಯಿದ್ದವನು ಫೈಲು ಹಿಡಿದು ಬಾಗಿಲ ಬಳಿ ಕಾದೂ ಕಾದೂ ಐದನೇ ತಿಂಗಳಿಗೆ ರಾಜೀನಾಮೆ ಕೊಟ್ಟ. ತಪ್ಪು ಅವನದಲ್ಲ. ಸಂದರ್ಶನದಲ್ಲಿ ಈ ಮಾತೇ ಬರಲಿಲ್ಲ, ಅಷ್ಟೇ.

ಹಾಗಂತ ನಮ್ಮಂಥವರನ್ನೇ ಆರಿಸಿಕೊಳ್ಳುತ್ತಾ ಹೋದರೂ ಕಷ್ಟ. ಮನಶ್ಶಾಸ್ತ್ರಜ್ಞ ಬೆಂಜಮಿನ್ ಷ್ನೈಡರ್ 1987ರಲ್ಲೇ ಇದನ್ನು ಹೇಳಿದ್ದರು: ಒಂದೇ ಥರದವರು ಬಂದು ಸೇರುತ್ತಾರೆ, ಹೊಂದದವರು ಹೊರಟುಹೋಗುತ್ತಾರೆ, ಕಾಲ ಬದಲಾದಾಗ ಸಂಸ್ಥೆಗೆ ಬದಲಾಗಲು ಬರುವುದಿಲ್ಲ. 'ನಮಗೆ ಹೊಂದುವುದಿಲ್ಲ' ಎನ್ನುವುದು ಎಷ್ಟೋ ಸಲ ಸುಮ್ನೆ ಒಂದು ನೆಪ, ಅಲ್ವಾ?

ನೇಮಕಾತಿ ಪತ್ರ ಕೊಡುವ ಮೊದಲು ಅಭ್ಯರ್ಥಿಯನ್ನು ಅರ್ಧ ದಿನ ಆ ತಂಡದ ಜೊತೆ ಕೂರಿಸಲಿ. ರಜೆ ಹೇಗೆ ಸಿಗುತ್ತದೆ, ತೀರ್ಮಾನ ಯಾರದು, ತಪ್ಪಾದರೆ ಏನಾಗುತ್ತದೆ ಎಂದು ಅಲ್ಲಿನವರನ್ನೇ ಕೇಳಲಿ. ಆ ಹೊತ್ತು ಮೇಲಧಿಕಾರಿ ಅಲ್ಲಿರದಿದ್ದರೆ ಒಳ್ಳೆಯದು.

– ಒಬ್ಬ ನೌಕರ