ಬೆರಳಿನ ಬೆವರೊಂದೇ ಭಾವವಲ್ಲ

ಮಾನ್ಯ ಸಂಪಾದಕರೇ,

ಸಂಗೀತ ಕೇಳುವವರ ಭಾವವನ್ನು ಅಳೆಯುವ ಪ್ರಾಜೆಕ್ಟುಗಳನ್ನು ನಮ್ಮ ಭಾಗದ ಕಾಲೇಜು ವಿದ್ಯಾರ್ಥಿಗಳೂ ಕೈಗೆತ್ತಿಕೊಳ್ಳಲಿ ಎಂಬುದು ನಮ್ಮ ಆಸೆ. ದಾಸರ ಪದ, ತತ್ವಪದಗಳ ನೆಲವಿದು. ಇಂಥ ಕೇಳುಗರು ಬೇರೆಲ್ಲಿ ಸಿಗಬೇಕು? ಆದರೆ ಬೆರಳಿಗೆ ಸೆನ್ಸರ್ ಕಟ್ಟಿ, ಪರದೆಯ ಮೇಲಿನ ಗೆರೆ ಮೇಲೇರಿದ್ದನ್ನೇ ‘ಆನಂದ’ ಎಂದು ಬರೆದುಕೊಳ್ಳುವುದನ್ನು ಒಪ್ಪಲಾಗದು.

ಆ ಸೆನ್ಸರ್ ಹಿಡಿಯುವುದು ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆಯಲ್ಲಾಗುವ ಏರಿಳಿತವನ್ನು. ಮನಸ್ಸು ಎಷ್ಟು ಕಲಕಿತು ಎಂಬ ಸುಳಿವು ಅದರಲ್ಲಿದೆ; ಕಲಕಿದ್ದು ಖುಷಿಯೋ ಗಾಬರಿಯೋ ತಿಳಿಯದು. ಗೆರೆ ಏಳುವುದೂ 1ರಿಂದ 3 ಸೆಕೆಂಡು ತಡವಾಗಿ. ಆ ಅಂತರ ಮರೆತರೆ ಪಲ್ಲವಿಯ ಕೊನೆಗೆ ಎದ್ದ ಪುಳಕ ಚರಣದ ಲೆಕ್ಕಕ್ಕೆ ಹೋಗುತ್ತದೆ.

ರಾಯಚೂರಿನ ಮೇ ತಿಂಗಳಲ್ಲಂತೂ 40 ಡಿಗ್ರಿ ದಾಟಿದ ಬಿಸಿಲಿನಿಂದ ಬಂದವರ ಅಂಗೈ ಮೊದಲೇ ಒದ್ದೆ. ತಂಪಾದ ಕೋಣೆಯಲ್ಲಿ ಕಾಲು ಗಂಟೆ ಕೂಡಿಸಿ, ಬರಿ ನೀರಿನಲ್ಲಿ ಕೈ ತೊಳೆಸಿ ಒರೆಸಿ, ಬಲಗೈ ಬಳಸುವವರಾದರೆ ಎಡಗೈಯ ತೋರುಬೆರಳು, ನಡುಬೆರಳಿಗೆ ಸೆನ್ಸರಿನ ಎಲೆಕ್ಟ್ರೋಡ್ ಕಟ್ಟಬೇಕು. ಮೊದಲ 5 ನಿಮಿಷ ಸದ್ದಿಲ್ಲದ ದಾಖಲೆ. ಹಾಡಿನ ಅಳತೆಯನ್ನು ಅದೇ ವ್ಯಕ್ತಿಯ ಆ ದಾಖಲೆಗೆ ಹೋಲಿಸಬೇಕು, ಇನ್ನೊಬ್ಬರದಕ್ಕಲ್ಲ. ನಮ್ಮವರು ತಾಳ ಹಾಕದೆ ಕೇಳುವುದು ಕಷ್ಟ. ಕೈ ಅಲುಗಿದರೂ, ಕೆಮ್ಮಿದರೂ, ನಿಟ್ಟುಸಿರು ಬಿಟ್ಟರೂ ಗೆರೆ ಜಿಗಿಯುತ್ತದೆ. ಪಕ್ಕದಲ್ಲೊಬ್ಬರು ಆ ಕ್ಷಣಗಳನ್ನು ಗುರುತು ಹಾಕಿಕೊಳ್ಳಲಿ.

ಯಂತ್ರಕ್ಕಿಂತ ಪ್ರಶ್ನೆಯೇ ಮುಖ್ಯ. ‘ಹಾಡಿನಲ್ಲಿ ದುಃಖವಿದೆಯೇ’ ಎಂಬುದು ಬೇರೆ, ‘ನಿಮಗೆ ದುಃಖವಾಯಿತೇ’ ಎಂಬುದು ಬೇರೆ, ಎರಡನ್ನೂ ಕೇಳಬೇಕು. ಜಿನೀವಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಸಂಗೀತ ಭಾವಮಾಪನದಲ್ಲಿ ಭಾವ ಹೇಳುವ 9 ಗುಂಪುಗಳ 45 ಪದಗಳಿವೆ. ಅದನ್ನೇ ಕನ್ನಡಕ್ಕಿಳಿಸಿ ಹಂಚಿದರೆ ಸಾಲದು. ಮೊದಲು ಮಾನವಿ, ಕೊಪ್ಪಳದ ಕೇಳುಗರ ಬಾಯಿಂದಲೇ ಪದ ಕೂಡಿಸಿ: ‘ಮೈ ಜುಂ ಅಂತು’, ‘ಎದಿ ತುಂಬಿ ಬಂತು’, ‘ಕರುಳು ಚುರ್ ಅಂತು’. ಅಕ್ಷರ ಬಾರದ ಹಿರಿಯರಿಗೆ ಮನೋವಿಜ್ಞಾನಿಗಳಾದ ಬ್ರಾಡ್ಲಿ ಮತ್ತು ಲ್ಯಾಂಗ್ 1994ರಲ್ಲಿ ವಿವರಿಸಿದ ಚಿತ್ರಗಳ ಮಾಪನವಿದೆ, ತಮಗಾದ ಭಾವಕ್ಕೆ ಹೊಂದುವ ಬೊಂಬೆಯ ಚಿತ್ರಕ್ಕೆ ಅವರು ಬೆರಳಿಟ್ಟರೆ ಸಾಕು. ಆದರೆ ಹಾಡಿದವರು ಎದುರಿಗಿದ್ದರೆ ಎಲ್ಲರೂ ‘ಭಾಳ ಚಂದ ಐತ್ರಿ’ ಎನ್ನುತ್ತಾರೆ; ಹಾಡಿದವರನ್ನು ಹೊರಗೆ ಕೂಡಿಸಿ.

ಮಾನವಿಯ ಜಗನ್ನಾಥದಾಸರ ಪದಕ್ಕೆ ಕಣ್ಣು ತುಂಬಿದರೆ ಅದು ರಾಗಕ್ಕೋ, ಸಾಹಿತ್ಯಕ್ಕೋ? ಅದೇ ಧಾಟಿಯನ್ನು ಒಮ್ಮೆ ಬರಿ ಪಿಟೀಲಿನಲ್ಲಿ, ಒಮ್ಮೆ ಮಾತಿನೊಂದಿಗೆ ಕೇಳಿಸಿ. ಅರ್ಧ ಜನಕ್ಕೆ ಕ್ರಮ ತಿರುಗಿಸಿ. ಮೊದಲೇ ಕೇಳಿದ ಪದವೇ ಎಂದೂ ವಿಚಾರಿಸಿ. ಎರಡರ ಸದ್ದಿನ ಮಟ್ಟ ಒಂದೇ ಇರಲಿ, ಏಕೆಂದರೆ ಜೋರು ಸದ್ದೊಂದೇ ಗೆರೆ ಏರಿಸಬಲ್ಲದು.

— ಸಂಗೀತ ಮತ್ತು ಮನೋವಿಜ್ಞಾನ ಅಧ್ಯಾಪಕರು, ರಾಯಚೂರು